ಬೋಲ್ಟಿನ ಮೇಲಿನ ಚುಕ್ಕೆ

ಅಪ್ಪನ ಮೋಟಾರ್‌ಸೈಕಲ್ ಹನ್ನೊಂದು ವರ್ಷ ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅದನ್ನು ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ವರ್ಷ ಗ್ಯಾರೇಜು ನಡೆಸಿದ ಆ ಕೈಗೆ ಈಗ ತುಂಬಿದ ಲೋಟ ಕೊಡುವ ಹಾಗಿರಲಿಲ್ಲ.

"ರೇಸಿಗೇನೂ ಅಲ್ಲ ಕಣೇ," ಅಂದಿದ್ದರು. "ಭಾನುವಾರ ಸಂಜೆ ನೀನು ಓಡಿಸು, ನಾನು ಹಿಂದೆ ಕೂತ್ಕೋತೀನಿ. ಸೇತುವೆ ತನಕ ಹೋಗಿ ಬಂದ್ರೆ ಸಾಕು. ಆದ್ರೆ ಒಂದು ಮಾತು. ಇಂಜಿನ್ನಿಗೆ ಮನೆಯವರದ್ದು ಬಿಟ್ಟು ಬೇರೆ ಕೈ ತಾಗಬಾರದು."

ವಾರದಲ್ಲಿ ಆರು ದಿನ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಏಳನೆಯ ದಿನ ಶೆಡ್ಡು. ಅಪ್ಪ ಕುರ್ಚಿಯಲ್ಲಿ ಕೂತು ಬಾಯಲ್ಲೇ ಸ್ಪ್ಯಾನರು ತಿರುಗಿಸುತ್ತಿದ್ದರು. ಪೆಟ್ರೋಲ್ ಟ್ಯಾಂಕಿಗೆ ಒಂದು ಹಿಡಿ ನಟ್ಟು ಹಾಕಿ, ಎತ್ತಿಕೊಂಡು ಅಲ್ಲಾಡಿಸಿ ತುಕ್ಕು ಉದುರಿಸಿದೆ. ಇಂಜಿನ್ ಬಿಚ್ಚಿ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದೆ.

ಅಪ್ಪನ ಗ್ಯಾರೇಜಿನಲ್ಲೊಂದು ಪದ್ಧತಿಯಿತ್ತು. ಬೋಲ್ಟು ಪೂರ್ತಿ ಬಿಗಿಯಾಯಿತು ಅಂದರೆ ಅದರ ತಲೆಯ ಮೇಲೆ ಒಂದು ಚುಕ್ಕೆ ಬಣ್ಣ. ಬಿಗಿ ಮಾಡಿದವರದೇ ಬಣ್ಣ. ಅಪ್ಪನದು ಬಿಳಿ. ಅವರ ಶಿಷ್ಯನದು ಹಳದಿ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕುಳ್ಳ ಅಂತ. ನನಗೆ ಬೇರೆ ಬಣ್ಣ ಸಿಗದೆ ಮಗಳ ಕೆಂಪು ನೇಲ್ ಪಾಲಿಶ್ ಎತ್ತಿಕೊಂಡು ಬಂದೆ.

"ಅಮ್ಮಾ, ಅದು ಹೊಸದು!"

"ಇರಲಿ ಬಿಡೇ," ಅಪ್ಪ ನಕ್ಕರು. "ಮುದಿ ಗಾಡಿಗೂ ಒಂದಿಷ್ಟು ಶೃಂಗಾರ ಬೇಡ್ವಾ?"

ಕುಳ್ಳ ಆರು ವರ್ಷ ಅಪ್ಪನ ಹತ್ತಿರ ಇದ್ದವನು. ಒಂದು ದಿನ ಅವಸರದಲ್ಲಿ ಬ್ರೇಕಿನ ಬೋಲ್ಟು ಬಿಗಿ ಮಾಡದೆಯೇ ಅದಕ್ಕೆ ಚುಕ್ಕೆ ಇಟ್ಟು ಗಾಡಿ ಕಳಿಸಿಬಿಟ್ಟ. ಯಾರಿಗೂ ಏನೂ ಆಗಲಿಲ್ಲ. ಆದರೂ ಅಪ್ಪ ಅವನನ್ನು ಅಂದೇ ಆಚೆ ಹಾಕಿದರು. "ಚುಕ್ಕೆ ಇಟ್ಟೆ ಅಂದ್ರೆ ಮಾತು ಕೊಟ್ಟ ಹಾಗೆ," ಅನ್ನುತ್ತಿದ್ದರು. ಆಮೇಲೆ ಅವನು ಎರಡು ಬೀದಿ ಆಚೆ ಸ್ವಂತ ಅಂಗಡಿ ಇಟ್ಟ. ಅಪ್ಪ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು.

ಪಿಸ್ಟನ್ ರಿಂಗು ಹಾಕುವಾಗ ನನ್ನ ಕೈಯಲ್ಲಿ ಎರಡು ಸಲ ಮುರಿಯಿತು. "ಅದೇನು ಬಳೇನಾ ತಾಯಿ, ಅದುಮಿ ತುರುಕೋಕೆ?" ಅಂದರು. ಮೂರನೆಯದು ಕೂತಿತು. ಆದರೆ ಎಲ್ಲ ಜೋಡಿಸಿ ಕಿಕ್ ಹೊಡೆದರೆ ಇಂಜಿನ್ ಕೆಮ್ಮಲೂ ಇಲ್ಲ. ಮಂಡಿ ಊದಿಕೊಳ್ಳುವ ತನಕ ಹೊಡೆದೆ.

"ಟೈಮಿಂಗ್ ತಪ್ಪಿದೆ, ಕಿಡಿ ಸರಿಯಾದ ಹೊತ್ತಿಗೆ ಹಾರ್ತಿಲ್ಲ. ಮುಂದಿನ ವಾರ ಮತ್ತೆ ಬಿಚ್ಚು."

ಹೀಗೆ ನಾಲ್ಕು ಸಲ ಬಿಚ್ಚಿದೆ. ಐದನೆಯ ವಾರ ಅಪ್ಪ ತಮ್ಮ ತಂಗಿಯ ಮನೆಗೆ ಹೋಗಿದ್ದರು. ನಾನು ಕುಳ್ಳನಿಗೆ ಫೋನ್ ಮಾಡಿದೆ.

ಅವನು ಚೀಲ ಹಿಡಿದು ಬಂದ. ಊಟದ ಹೊತ್ತಿಗೆ ಕೆಲಸ ಮುಗಿಸಿದ. ಮೊದಲ ಕಿಕ್ಕಿಗೇ ಇಂಜಿನ್ ಎದ್ದು ಕೂತಿತು. ಹೊರಡುವಾಗ ಕೇಳಿದ್ದು ಒಂದೇ: "ಅಕ್ಕಾ, ಮೇಸ್ತ್ರಿಯವರ ಕೈ ಹೇಗಿದೆ?"

ಅವನು ಹೋದ ಮೇಲೆ ನೋಡಿದರೆ ಬೋಲ್ಟುಗಳ ಮೇಲೆಲ್ಲ ಹಳದಿ ಚುಕ್ಕೆ. ಅಭ್ಯಾಸಬಲ. ಬ್ಲೇಡಿನಿಂದ ಒಂದೊಂದನ್ನೂ ಕೆರೆದು ಅಲ್ಲಿ ನನ್ನ ಕೆಂಪು ಚುಕ್ಕೆ ಇಟ್ಟೆ. ಹದಿನಾಲ್ಕು ಬೋಲ್ಟು. ಆಗ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಅಪ್ಪ ಬಂದರು, ಸದ್ದು ಕೇಳಿದರು, ಕಣ್ಣೊರೆಸಿಕೊಂಡರು. "ನೀನೇ ಮಾಡಿದ್ಯಾ?"

"ಹ್ಞೂಂ."

ಅಷ್ಟೇ ಅಂದದ್ದು. ಉಳಿದದ್ದನ್ನೆಲ್ಲ ಅಪ್ಪನೇ ಹೇಳಿದರು: ಎದುರುಮನೆ ಟೈಲರಿಗೆ, ಔಷಧಿ ಅಂಗಡಿಯವನಿಗೆ, ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರಿಗೂ. "ಟೈಮಿಂಗ್ ತಾನೇ ಕೂರಿಸಿದ್ದಾಳೆ ಸ್ವಾಮಿ! ನನ್ನ ಹತ್ರ ಆರು ವರ್ಷ ಇದ್ದೋನಿಗೆ ಇಲ್ಲದ ನಿಯತ್ತು ಇವಳಿಗಿದೆ." ನಾನು ಒಲೆಯ ಮೇಲೇನೋ ಇಟ್ಟುಬಂದ ನೆಪ ಹೇಳಿ ಒಳಗೆ ಓಡುತ್ತಿದ್ದೆ. ಟೈಲರು "ಮೇಸ್ತ್ರಿ ಮಗಳು ಅಂದ್ರೆ ಸುಮ್ನೇನಾ" ಅಂದ ದಿನ ಊಟದ ತಟ್ಟೆ ಹಾಗೇ ಎತ್ತಿಟ್ಟೆ. ನಿಜ ಹೇಳಲು ಐದು ಭಾನುವಾರ ಸಿಕ್ಕಿದವು. ಐದೂ ಸಲ ಅಪ್ಪ ನನ್ನ ಭುಜ ಹಿಡಿದು ಹಿಂದೆ ಕೂತಿದ್ದರು. ಸೇತುವೆ ಮುಟ್ಟುವ ತನಕ ಮಾತು ಜೋಡಿಸುತ್ತಿದ್ದೆ, ಸೇತುವೆಯ ಮೇಲೆ ನುಂಗುತ್ತಿದ್ದೆ.

ಆರನೆಯ ಭಾನುವಾರ ಹೊರಡುವ ಮೊದಲು ಅಪ್ಪ ಬಗ್ಗಿ ಇಂಜಿನ್ನಿನ ಹೊಟ್ಟೆಯಡಿ ಕೈಯಾಡಿಸಿದರು. ಎಣ್ಣೆ ಸೋರುತ್ತಿದೆಯೋ ನೋಡುವ ಅವರ ಹಳೆಯ ಅಭ್ಯಾಸ. ಬೆರಳು ಒಣಗಿಯೇ ಬಂತು. ಆದರೆ ಕೈ ಮತ್ತೆ ಒಳಗೆ ಹೋಯಿತು, ಅಲ್ಲೇ ನಿಂತಿತು, ಏನನ್ನೋ ಕೆರೆಯಿತು. ಹೊರಗೆ ತೆಗೆದಾಗ ಉಗುರಿನಲ್ಲಿ ಹಳದಿ ಸಿಪ್ಪೆ. ಹದಿನೈದನೆಯದು, ನನ್ನ ಕಣ್ತಪ್ಪಿ ಉಳಿದಿತ್ತು.

"ಇದು ಯಾರದು?"

"ಹಳೇದಿರಬೇಕು," ಅಂದೆ. ಆ ಹೊತ್ತಿನಲ್ಲೂ.

"ಇಂಜಿನ್ ಪೂರ್ತಿ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದೆಯಲ್ಲಮ್ಮ, ಹಳೇ ಚುಕ್ಕೆ ಒಂದೂ ಉಳಿದಿರಲಿಲ್ಲ. ನಾನು ಇದೇ ಕುರ್ಚೀಲಿ ಕೂತಿದ್ದೆ."

ಹೇಳಿದೆ. ಎಲ್ಲ. ಬ್ಲೇಡಿನ ವಿಷಯವನ್ನೂ. ಅಪ್ಪ ಕುರ್ಚಿಗೆ ಹೋಗಿ ಕೂತರು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಟೈಮಿಂಗ್ ಕೂರಿಸೋಕೆ ಬರಲಿಲ್ಲ ಅಂತ ಹೇಳಿದ್ರೆ ನಂಗೇನು ಬೇಜಾರಾಗ್ತಿತ್ತಾ? ನಂಗೂ ಮೊದಲು ಬಂದಿರಲಿಲ್ಲ," ಅಂದರು. "ಅವನು ಬಿಗಿ ಮಾಡದೆ ಚುಕ್ಕೆ ಇಟ್ಟ. ನೀನೂ ಅದನ್ನೇ ಮಾಡಿದೆ. ಅದೂ ಸಾಲದು ಅಂತ ನನ್ನ ಬಾಯಲ್ಲಿ ಊರಿಗೆಲ್ಲ ಸುಳ್ಳು ಹೇಳಿಸಿದೆ."

ನಾನು ನೆಲದ ಎಣ್ಣೆ ಕಲೆಯನ್ನು ಚಿಂದಿಯಿಂದ ಒರೆಸತೊಡಗಿದೆ.

"ಅವನೇನಾದ್ರೂ ಕೇಳಿದ್ನಾ?"

"ನಿಮ್ಮ ಕೈ ಹೇಗಿದೆ ಅಂತ."

ಅಪ್ಪ ತಮ್ಮ ಎರಡೂ ಕೈ ಮಂಡಿಯ ಮೇಲಿಟ್ಟು ನೋಡಿದರು. ಅವು ನಡುಗುತ್ತಲೇ ಇದ್ದವು.

"ಬಿಚ್ಚು," ಅಂದರು.

"ಅಪ್ಪಾ, ಚೆನ್ನಾಗಿ ಓಡ್ತಾ ಇದೆಯಲ್ಲ..."

"ಅದು ಅವನ ಕೆಲಸ, ಅದಕ್ಕೆ ಓಡ್ತಿದೆ. ನಿನ್ನ ಚುಕ್ಕೆ ಇರಬೇಕಾದ್ರೆ ನೀನೇ ಬಿಗಿ ಮಾಡಬೇಕು. ಬಿಚ್ಚು. ಟೈಲರಿಗೆ ನಾನು ಹೋಗಿ ಹೇಳ್ತೀನಿ."

"ಬೇಡ. ನಾನೇ ಹೇಳ್ತೀನಿ."

ನಾನು ಎದುರುಮನೆಗೆ ಹೋದೆ. ಟೈಲರು ಯಾವುದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ನಾನು ಹೇಳುವಷ್ಟು ಹೊತ್ತೂ ಅವನ ಹೊಲಿಗೆ ಯಂತ್ರ ನಿಂತಿತ್ತು, ಮುಗಿದ ಮೇಲೆ ಮತ್ತೆ ಶುರುವಾಯಿತು. ವಾಪಸು ಬಂದು ಸ್ಪ್ಯಾನರು ತೆಗೆದುಕೊಂಡು ಮಲಗಿ, ಅಡಿಯ ಆ ಬೋಲ್ಟನ್ನೇ ಮೊದಲು ಹಿಡಿದೆ. ಕುಳ್ಳ ಎಷ್ಟು ಬಿಗಿ ಮಾಡಿದ್ದನೆಂದರೆ, ಸಡಿಲಿಸಲು ಎರಡೂ ಕೈ ಬೇಕಾಯಿತು.