ಹೆಸರಿಗೊಂದು ಬೊಗಸೆ

ನಾನು ಒಂದು ಅನ್ನದ ಡಬರಿ. ಅಲ್ಯೂಮಿನಿಯಂ ಹಾಳೆಯನ್ನು ಯಂತ್ರವೊಂದು ಒತ್ತಿ ನನಗೆ ಆಕಾರ ಕೊಟ್ಟಿತು. ಒಬ್ಬ ಮುದುಕ ಸುತ್ತಿಗೆಯಿಂದ ನನ್ನ ಅಂಚನ್ನು ಮಡಿಸಿದ. ಕೊನೆಯಲ್ಲಿ ಅದರ ಮೇಲೆ ಬೆರಳಾಡಿಸಿ, ಯಾರ ಕೈಯನ್ನೂ ಕೊಯ್ಯದಿರಲೆಂದು ಇನ್ನೊಮ್ಮೆ ಉಜ್ಜಿದ. ನಾನು ಕಂಡ ಮೊದಲ ಪ್ರೀತಿ ಅದು.

ಅಲ್ಲಿಂದ ನಾನು ಬಂದದ್ದು ಗದಗದ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ. ಅಲ್ಲಿ ಬಿಸಿಯೂಟ ಮಾಡುತ್ತಿದ್ದವಳು ಫಕೀರವ್ವ. ಅವಳು ತಕ್ಕಡಿ ಮುಟ್ಟುತ್ತಿರಲಿಲ್ಲ. ಪ್ರಾರ್ಥನೆ ಮುಗಿದೊಡನೆ ಮಕ್ಕಳ ಹೆಸರು ಹೇಳುತ್ತ, ಒಂದೊಂದು ಹೆಸರಿಗೆ ಒಂದೊಂದು ಬೊಗಸೆ ಅಕ್ಕಿಯನ್ನು ನನ್ನೊಳಗೆ ಹಾಕುತ್ತಿದ್ದಳು. ವಿನಾಯಕ, ಕೌಸರ್, ಶಿವಲೀಲಾ... ಚೆನ್ನಾಗಿ ಉಣ್ಣುವವರ ಹೆಸರಿಗೆ ಬೊಗಸೆ ತುಸು ಅಗಲವಾಗುತ್ತಿತ್ತು. ಹೀಗೆ ಮುಖ ಕಾಣುವ ಮೊದಲೇ ನನಗೆ ಮಕ್ಕಳೆಲ್ಲ ಗೊತ್ತಾಗಿದ್ದರು.

ಆಮೇಲೆ ಊರಿಗೆ ಹಳದಿ ವ್ಯಾನು ಬರತೊಡಗಿತು. ಅದು ಪೇಟೆಯ ಇಂಗ್ಲಿಷ್ ಶಾಲೆಯದು. ಬೆಳಿಗ್ಗೆ ಅದರ ಹಾರ್ನ್ ಕೇಳಿದರೆ ಸಾಕು, ಒಲೆಯ ಮೇಲೆ ನನ್ನ ಮುಚ್ಚಳ ತಾನಾಗಿ ಅಲುಗುತ್ತಿತ್ತು. ಇವತ್ತು ಯಾರು ಹತ್ತಿದರೋ!

ಫಕೀರವ್ವ ಮಾತ್ರ ಹೋದವರ ಹೆಸರಿಗೂ ಅಕ್ಕಿ ಹಾಕುತ್ತಲೇ ಇದ್ದಳು. ಅನ್ನ ಉಳಿಯತೊಡಗಿತು. ಶಾಲೆಗಿದ್ದ ಒಬ್ಬರೇ ಶಿಕ್ಷಕಿ ವನಮಾಲಾ ಅಕ್ಕೋರು, ಹೋದವರ ಹೆಸರು ಬಿಟ್ಟುಬಿಡಬೇಕೆಂದು ಮೆಲ್ಲಗೆ ಹೇಳಿದರು.

"ಹೆಸರ ಬಿಟ್ರ ಅವು ಖರೇನ ಹೋದಂಗ ಆಕ್ಕೈತ್ರಿ ಅಕ್ಕೋರ" ಎಂದಳು ಫಕೀರವ್ವ.

ಅಕ್ಕೋರು ಅಂದಿನಿಂದ ಮಧ್ಯಾಹ್ನ ತಾವೇ ತಟ್ಟೆ ಹಿಡಿದು ಬಂದು, "ಇವತ್ತ ಕೌಸರನ ಪಾಲು ನನಗ ಹಾಕವಾ" ಅನ್ನುತ್ತಿದ್ದರು. ಆದರೆ ಅಕ್ಕಿ ಬರುತ್ತಿದ್ದದ್ದು ಹಾಜರಿದ್ದ ಮಕ್ಕಳಿಗಷ್ಟೇ. ಒಂದು ತಿಂಗಳು ಚೀಲ ಬೇಗ ಬರಿದಾಯಿತು. ಅಂದು ಫಕೀರವ್ವ ತನ್ನ ಮನೆಯಿಂದ ಜೋಳದ ರೊಟ್ಟಿ ತಂದು ಹಂಚಿದಳು. ಮಾರನೆಯ ದಿನ ಹೊಸ ಚೀಲ ಬಿಚ್ಚಿ ಹೆಸರು ಹೇಳುವಾಗ, ಹೋದವರ ಹೆಸರು ಬಂದಲ್ಲೆಲ್ಲ ನಿಂತಳು, ಅದನ್ನು ನುಂಗಿಕೊಂಡಳು, ಮುಂದೆ ಹೋದಳು. ನನಗೆ ಒಮ್ಮೆಲೇ ಹಗುರವಾಯಿತು. ಆ ಹಗುರ ನನಗೆ ಸೇರಲಿಲ್ಲ.

ಕೊನೆಗೆ ಉಳಿದದ್ದು ಅಂಬಿಕಾ ಒಬ್ಬಳೇ. ಅವಳ ತಾಯಿ ಬೆಳಕು ಹರಿಯುವ ಮುಂಚೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಹಾಗಾಗಿ ಆ ಹುಡುಗಿಯ ದಿನದ ಮೊದಲ ಊಟ ನನ್ನದೇ. ಬಹಳ ನಾಚಿಕೆಯ ಮಗು. ಹೊಸಬರು ಎದುರಿಗಿದ್ದರೆ ಹಸಿವಿಲ್ಲ ಅಂದುಬಿಡುತ್ತಿದ್ದಳು. ಅವಳ ಬೊಗಸೆ ಅಕ್ಕಿ ನನ್ನ ತಳವನ್ನೂ ಮುಚ್ಚುತ್ತಿರಲಿಲ್ಲ, ಬೇಗ ಸೀದುಹೋಗುತ್ತಿತ್ತು. ಸಣ್ಣ ಪಾತ್ರೆ ತರಬಾರದೇ ಎಂದು ಅಕ್ಕೋರು ಕೇಳಿದರು.

"ಸಣ್ಣದ ತಂದ್ರ, ಸಾಲಿ ಸಣ್ಣದಾತಂತ ನಾವ ಒಪ್ಪಿಕೊಂಡಂಗ್ರಿ" ಎಂದ ಫಕೀರವ್ವ, ಅನ್ನ ಸೀಯದಂತೆ ಒಲೆಯ ಮುಂದೆಯೇ ನಿಂತು ತಿರುವುತ್ತಿದ್ದಳು.

ಆದರೂ ಆದೇಶ ಬಂತು. ಹೆದ್ದಾರಿಯ ಆಚೆಯ ಊರಿನ ಶಾಲೆಗೆ ನಮ್ಮ ಶಾಲೆಯನ್ನು ಸೇರಿಸಿದರು. ಅಕ್ಕೋರಿಗೆ ದೂರದ ಊರಿಗೆ ವರ್ಗವಾಯಿತು. ಫಕೀರವ್ವನಿಗೆ ಕೆಲಸ ಉಳಿಯಲಿಲ್ಲ. ಲಾರಿಗಳು ಓಡುವ ರಸ್ತೆ ದಾಟಿ ಮಗಳು ಹೋಗುವುದು ಬೇಡ, ಮನೆಯಲ್ಲಿದ್ದು ತಮ್ಮನನ್ನು ಆಡಿಸಲಿ ಎಂದಳಂತೆ ಅಂಬಿಕಾಳ ತಾಯಿ. ನನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿದಾಗ ಕೇಳಿದ ಕೊನೆಯ ಸುದ್ದಿ ಅದು.

ಹೆದ್ದಾರಿಯಾಚೆಯ ಶಾಲೆಯ ಅಡುಗೆ ಕೋಣೆ ನೀಲವ್ವನದು. ಚುರುಕಿನ ಹೆಂಗಸು. ಅಕ್ಕಿಯನ್ನು ತೂಗಿ ಒಮ್ಮೆಲೇ ಸುರಿದಳು. ಕಂಠದವರೆಗೆ ತುಂಬಿದ್ದೆ. ಆದರೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಯಾರಿಗಾಗಿ ಬೇಯುತ್ತಿದ್ದೇನೆಂದು ತಿಳಿಯದೆ ಬೆಂದೆ. ಅಂಬಿಕಾ ಇವತ್ತು ಏನು ಉಂಡಳೋ ಎಂಬ ತಳಮಳ, ಉಕ್ಕು ಇಳಿದ ಮೇಲೂ ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಫಕೀರವ್ವ ನಿಂತಿದ್ದಳು. ಸೊಂಟದ ಮೇಲೆ ಅಂಬಿಕಾಳ ತಮ್ಮ, ಕೈಯಲ್ಲಿ ಅಂಬಿಕಾಳ ಕೈ. ಕೂಸನ್ನು ತಾನೇ ನೋಡಿಕೊಳ್ಳುತ್ತೇನೆ, ರಸ್ತೆಯನ್ನೂ ತಾನೇ ದಾಟಿಸುತ್ತೇನೆ ಎಂದು ತಾಯಿಯನ್ನು ಒಪ್ಪಿಸಿ ಬಂದಿದ್ದಳು.

"ತಂಗಿ, ಇಕಿ ಹೆಸರ ಹೇಳಿ ಒಂದ ಬೊಗಸಿ ಅಕ್ಕಿ ಹಾಕ" ಎಂದಳು.

ನೀಲವ್ವ ನಕ್ಕಳು. "ಯಕ್ಕಾ, ಇಲ್ಲಿ ಎಲ್ಲಾರ ಹೆಸರ ಹೇಳಕೋತ ನಿಂತ್ರ ಮಧ್ಯಾಹ್ನದ ಊಟ ಸಂಜಿಗೆ ಆಕ್ಕೈತಿ ನೋಡ."

ಅಂದು ಅಂಬಿಕಾ ಹಸಿವಿಲ್ಲ ಅಂದಳು. ತೊಳೆದ ತಟ್ಟೆಯನ್ನು ಹಾಗೆಯೇ ಮತ್ತೆ ತೊಳೆದಿಟ್ಟಳು. ನೀಲವ್ವ ಅದನ್ನು ನೋಡಿದಳು.

ಮರುದಿನ ಅಕ್ಕಿ ತೂಗಿ ಸುರಿದಾದ ಮೇಲೆ ನೀಲವ್ವ ಆಚೀಚೆ ನೋಡಿದಳು. ಆಮೇಲೆ ಬಾಗಿ ಚೀಲದಿಂದ ಒಂದು ಬೊಗಸೆ ಎತ್ತಿ, "ಅಂಬಿಕಾ" ಎಂದು ಹಾಕಿದಳು. ಹೊರಗೆ ಪ್ರಾರ್ಥನೆಯ ಸಾಲಿನಲ್ಲಿದ್ದ ಹುಡುಗಿಗೆ ಕೇಳುವಷ್ಟು ಗಟ್ಟಿಯಾಗಿಯೇ. ಮಧ್ಯಾಹ್ನ ಅವಳ ತಟ್ಟೆ ಮುಂದೆ ಬಂತು.

ಈಗ ನನಗೆ ವಯಸ್ಸಾಗಿದೆ. ಒಂದು ಕಿವಿ ಮುರಿದು ತಂತಿ ಕಟ್ಟಿದ್ದಾರೆ. ಫಕೀರವ್ವನ ಮೊಣಕಾಲೂ ನೋಯುತ್ತದಂತೆ. ದಾಟಿಸಬೇಕಾದ ರಸ್ತೆ ಮಾತ್ರ ದಿನದಿನಕ್ಕೆ ಅಗಲವಾಗುತ್ತಿದೆ. ಅಂಬಿಕಾ ಕಾಣುವ ಮೊದಲೇ ಅವಳ ಬೊಗಸೆ ನನ್ನೊಳಗೆ ಬಿದ್ದಿರುತ್ತದೆ. ನೀರು ಕುದಿಯುತ್ತದೆ, ಲಾರಿಗಳ ಸದ್ದು ಬರುತ್ತದೆ. ಆ ಸದ್ದಿನ ನಡುವೆ ಎರಡು ಜೊತೆ ಚಪ್ಪಲಿಗಳ ಸದ್ದು ಕೇಳುವವರೆಗೆ ನನ್ನ ಮುಚ್ಚಳ ಅಲುಗುತ್ತಲೇ ಇರುತ್ತದೆ. ನೋಡಿದವರು ಅದನ್ನು ಹಬೆ ಎಂದುಕೊಳ್ಳುತ್ತಾರೆ.