ಒಂದೇ ಸೀಟಿನ ಕುಣಿತ

ನಾನು ಹುಟ್ಟಿದ್ದು ಒಲೆಯೊಳಗೆ. ಹುಬ್ಬಳ್ಳಿಯ ತಾರಿಹಾಳದ ಶೆಡ್ಡೊಂದರಲ್ಲಿ ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಅಚ್ಚಿಗೆ ಹಾಸಿ, ಒತ್ತಡದಲ್ಲಿ ಬೇಯಿಸಿ ನನ್ನ ಒಡಲನ್ನು ತೆಗೆದರು. ಎಂಜಿನ್, ಬೆತ್ತಲೆ ಗಾಲಿಗಳು, ಹಿಂದೆ ಮುಂದೆ ರೆಕ್ಕೆ ಕೂಡಿಕೊಂಡು ನಾನು ರೇಸ್ ಕಾರಾದೆ. ಒಳಗೆ ಒಬ್ಬರಿಗಷ್ಟೇ ಜಾಗ.

ನನ್ನನ್ನು ರೂಪಿಸಿದವಳು ವಿಜಯಾ ಹೊಸಮನಿ. ಕಂಪ್ಯೂಟರಿನಲ್ಲಿ ನನ್ನನ್ನು ಬರೆದು ಅಳಿಸಿ, ಪುಟ್ಟ ಮಾದರಿ ಮಾಡಿ ಗಾಳಿಗೊಡ್ಡಿ, ಮತ್ತೆ ಬರೆದವಳು. ನನ್ನ ತಳದ ಮೇಲೆ ಅವಳಿಗೆ ಬಲು ಹೆಮ್ಮೆ. ತಳದಡಿ ನುಗ್ಗುವ ಗಾಳಿ ನನ್ನನ್ನು ನೆಲಕ್ಕೆ ಸೆಳೆದು ಹಿಡಿಯುವುದು. ತಿರುವಿನಲ್ಲೂ ನಾನು ಜಾರದಿರುವುದು. ಅದು ಅವಳ ಲೆಕ್ಕಾಚಾರ.

ಪರೀಕ್ಷೆಗೆಂದು ಹಳೆಯ ವಿಮಾನ ಓಡುದಾರಿಗೆ ಒಯ್ದರು. ಓಡಿಸಿದವನು ಮಂಗಳೂರಿನ ಶರ್ವಿನ್ ಪಿಂಟೊ. ವೇಗ ಏರುತ್ತಿದ್ದಂತೆ ಗಾಳಿ ನನ್ನನ್ನು ಕೆಳಗೆಳೆಯಿತು. ತಳ ನೆಲಕ್ಕೆ ತೀರಾ ಹತ್ತಿರವಾಗಿ ಗಾಳಿ ಉಸಿರುಗಟ್ಟಿತು, ಹಿಡಿತ ಬಿಟ್ಟಿತು, ನಾನು ಮೇಲೆದ್ದೆ. ಮತ್ತೆ ಸೆಳೆತ, ಮತ್ತೆ ನೆಗೆತ. ಶರ್ವಿನ್‌ನ ತಲೆ ನನ್ನ ಅಂಚಿಗೆ ಟಕಟಕ ಬಡಿಯಿತು. ಇಳಿದವನು ಕಣ್ಣುಜ್ಜಿಕೊಂಡ.

"ಹೆಂಗನಸ್ತು?" ಎಂದಳು ವಿಜಯಾ.

"ಒಳ್ಳೆದುಂಟು ಮೇಡಂ."

ಕಂಪ್ಯೂಟರ್ ಪರದೆಯ ಮೇಲೆ ನನ್ನ ಓಟದ ಗೆರೆಗಳು ಕುಣಿದದ್ದನ್ನು ಅವಳು ನೋಡಿದ್ದಳು. ಸ್ಪ್ರಿಂಗು ಬಿಗಿ ಮಾಡಿಸಿದಳು. ಕುಣಿತ ಇನ್ನಷ್ಟು ಕೆಟ್ಟದಾಯಿತು. ಮರುದಿನ ಶರ್ವಿನ್ ಬ್ರೇಕು ಒತ್ತುವುದು ತಡವಾಗಿ, ಇಬ್ಬರೂ ಗಿರಗಿರ ತಿರುಗಿ ಹುಲ್ಲಿಗೆ ಬಿದ್ದೆವು. ವಿಜಯಾ ಓಡಿಬಂದಳು.

"ಖರೆ ಹೇಳಪಾ. ಏನಾತು?"

ಅವನು ಹೆಲ್ಮೆಟ್ ತೆಗೆಯಲಿಲ್ಲ. "ಬ್ರೇಕ್ ಒತ್ಲಿಕ್ಕೆ ಇಟ್ಟ ಬೋರ್ಡು ಎರಡೆರಡು ಕಾಣ್ತದೆ ಮೇಡಂ. ಹೇಳಿದ್ರೆ ನನ್ನ ಸೀಟು ಹೋಗ್ತದೆ. ಕಾಯುವವರು ಬೇರೆ ಇದ್ದಾರಲ್ಲ."

ವಿಜಯಾ ಅವನ ಬೆಲ್ಟಿಗೆ ಕೈಹಾಕಿದಳು. "ಇಳಿ. ನಾ ಕೂಡ್ತೀನಿ."

ಅವನ ಮೈಗೆ ಎರಕ ಹೊಯ್ದ ಸೀಟು ಅವಳಿಗೆ ಸಡಿಲ. ಬೆನ್ನಿಗೆ ಟವೆಲ್ ತುರುಕಿದರು. ಶರ್ವಿನ್‌ನೇ ಬೆಲ್ಟು ಬಿಗಿದ. ಹೊರಡಿಸಲು ಬಾರದೆ ಎರಡು ಸಲ ಎಂಜಿನ್ ನಿಲ್ಲಿಸಿಕೊಂಡಳು. ಆಮೇಲೆ ಉದ್ದನೆಯ ನೇರದಲ್ಲಿ ಹಲ್ಲು ಕಚ್ಚಿ ಪೆಡಲು ಒತ್ತಿದಳು. ನಿಲ್ಲಬೇಕೆಂದು ನಾನು ಎಷ್ಟು ಹಂಬಲಿಸಿದರೂ ನನ್ನ ಮೈ ಕೇಳಲಿಲ್ಲ. ಅವಳನ್ನೂ ಹಾಗೆಯೇ ಕುಟ್ಟಿದೆ.

ನಿಂತಾಗ ಶರ್ವಿನ್ ಬಂದು ಬೆಲ್ಟು ಬಿಚ್ಚಿದ. "ಇದರಾಗ ಕುಂತು ಒಳ್ಳೆದುಂಟು ಅಂತಿದ್ದೇನೋ!" ಎಂದಳು. ಕಣ್ಣು ತುಂಬಿತ್ತು.

ಅಲ್ಲಿಯೇ ಗರಗಸ ತರಿಸಿ, ಗಾಳಿಯ ಸೆಳೆತ ತಗ್ಗಿ ಕುಣಿತ ನಿಲ್ಲಲೆಂದು ತಾನೇ ಮೊಣಕಾಲೂರಿ ನನ್ನ ತಳದ ಅಂಚುಗಳನ್ನು ಕತ್ತರಿಸಿದಳು. ಕಪ್ಪು ಪುಡಿ ಅವಳ ಮುಖಕ್ಕೆಲ್ಲ ಮೆತ್ತಿತು. ತಂಡದ ಒಡೆಯರಾದ ಅಂಗಡಿ ಸಾಹೇಬರು ಗೊಣಗಿದರು: "ಸ್ಪೀಡ್ ಕಮ್ಮಿ ಆತಲ್ರೀ."

"ಆತ್ರಿ. ಹುಡುಗನ ಕಣ್ಣು ಉಳದ್ವು."

ರೇಸಿನಲ್ಲಿ ನಾವು ಐದನೆಯವರಾದೆವು. ಶರ್ವಿನ್ ಇಳಿದವನೇ ದೂರಿನ ಮಳೆ ಸುರಿಸಿದ: ಹಿಂದುಗಡೆ ಜಾರ್ತದೆ, ಪೆಡಲು ಗಟ್ಟಿ ಉಂಟು, ಎದುರಿನ ರೆಕ್ಕೆ ಸರಿಯಿಲ್ಲ. ವಿಜಯಾ ನನ್ನ ಬಿಸಿ ಗಾಲಿಗೆ ಒರಗಿ, ನಗುನಗುತ್ತ ಒಂದೊಂದನ್ನೂ ಕೇಳಿಸಿಕೊಂಡಳು.

ಮರುವರ್ಷ ಹೊಸ ಕಾರು, ನನ್ನ ತಂಗಿ, ಬಂದಳು. ನನ್ನ ಎಂಜಿನ್ ಅವಳಿಗೆ ಹೋಯಿತು. ಗಾಲಿಯಿಲ್ಲದೆ ಶೆಡ್ಡಿನ ಮೂಲೆಯಲ್ಲಿದ್ದೇನೆ. ನನ್ನ ಮೂತಿಗೆ ಯಾರೋ ಜರ್ಕಿನ್ ನೇತುಹಾಕುತ್ತಾರೆ. ಆದರೂ ತಂಗಿಯನ್ನು ರೇಸಿಗೆಂದು ಲಾರಿಗೆ ಏರಿಸಿದ ದಿನ ನನಗೆ ನೆಮ್ಮದಿಯಿಲ್ಲ. ಸಂಜೆ ಬಾಗಿಲು ಸದ್ದಾದರೆ ಕಿವಿಗೊಡುತ್ತೇನೆ. ಗೆದ್ದು ಬಂದಳೇ ಎಂದಲ್ಲ. ಒಳಗೆ ಕೂತವರು ತಮ್ಮ ಕಾಲ ಮೇಲೆ ತಾವೇ ಇಳಿದರೇ ಎಂದು.