ಬಾಗಿಲಿಗೆ ಬೇವಿನ ಸೊಪ್ಪು

ಜ್ವರ ಬಂದವಳನ್ನು ನೋಡಲು ಹೋಗದೆ ಇದ್ದರೆ ಅಂಥದ್ದೇನು ಮುಳುಗಿಹೋಗುತ್ತದೆ ಎಂದು ವಾರ್ಡನ್ ಆಶಾರಾಣಿ ಹಾಸ್ಟೆಲಿನ ಹುಡುಗಿಯರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿಕೊಂಡು ಕೇಳಿದರು. ಪಾಲಾರ್ ಕಡೆಯ ಹುಡುಗಿಯೊಬ್ಬಳು, "ತಪ್ಪಾಯ್ತದೆ ಮೇಡಂ," ಅಂದಳು. ಏನು ತಪ್ಪು, ಯಾರಿಗೆ ತಪ್ಪು ಎಂದು ಕೇಳಿದ್ದಕ್ಕೆ ಎಲ್ಲರೂ ನೆಲ ನೋಡಿದರು.

ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಫ್ಲೂ ಹಬ್ಬಿತ್ತು. ಡಾಕ್ಟರು ಬಂದು, ಜ್ವರ ಬಂದವರನ್ನು ಬೇರೆ ಕೋಣೆಯಲ್ಲಿಡಿ, ಹತ್ತಿರ ಯಾರನ್ನೂ ಬಿಡಬೇಡಿ, ಆಗಾಗ ಕೈ ತೊಳೆಸಿ, ಕಿಟಕಿ ತೆಗೆದಿಡಿ ಎಂದು ಹೇಳಿ ಹೋಗಿದ್ದರು. ಇದರಲ್ಲಿ ಅರ್ಥವಾಗದ್ದು ಏನಿದೆ? ಆಶಾರಾಣಿ ಅಡುಗೆಮನೆಯ ಪಕ್ಕದ ಖಾಲಿ ಕೋಣೆ ತೊಳೆಸಿ, ಮೊದಲು ಮಲಗಿದ ಮಾಂಬಳ್ಳಿಯ ನೇತ್ರಳನ್ನು ಅಲ್ಲಿಗೆ ಹಾಕಿದರು. ಸಂಜೆ ತರಕಾರಿ ತಂದು ನೋಡಿದರೆ ಆ ಕೋಣೆ ಮದುವೆಮನೆಯಂತೆ ಗಿಜಿಗುಡುತ್ತಿತ್ತು. ಒಬ್ಬಳು ನೇತ್ರಳ ಕಾಲು ಒತ್ತುತ್ತಿದ್ದಳು, ಇನ್ನೊಬ್ಬಳು ತಲೆ ಬಾಚುತ್ತಿದ್ದಳು. ನೇತ್ರ ಒಂದು ತೊಳೆ ಮೂಸಂಬಿ ಕಚ್ಚಿ ಸಾಕೆಂದರೆ ಉಳಿದದ್ದನ್ನು ಮಂಚದ ಮೇಲಿದ್ದವರು ಹಂಚಿಕೊಂಡು ತಿನ್ನುತ್ತಿದ್ದರು. ಮಾಸ್ಕು ಎಲ್ಲರ ಮುಖದಲ್ಲೂ ಇತ್ತು, ಗದ್ದದ ಕೆಳಗೆ.

"ಮೂತಿ ಕಾಣ್ದೆ ಎಂಗೆ ಮೇಡಂ ಮಾತಾಡ್ಸೋದು?" ಅಂದಳು ಕಾಲು ಒತ್ತುತ್ತಿದ್ದವಳು.

ಭಾನುವಾರ ಮಾಂಬಳ್ಳಿಯಿಂದ ಲಗೇಜ್ ಆಟೋ ತುಂಬ ನೇತ್ರಳ ನೆಂಟರು ಬಂದರು. ಗೇಟು ತೆಗೆಯಬೇಡ ಎಂದು ಬಾರಿ ಬಾರಿ ಹೇಳಿದ್ದರೂ ವಾಚ್‌ಮನ್ ಪುಟ್ಟಸಿದ್ದಯ್ಯ ಎರಡೂ ಬಾಗಿಲು ಅಗಲಿಸಿ ನಿಂತಿದ್ದ. "ನೋಡಕೆ ಅಂತ ಅಷ್ಟು ದೂರ್ದಿಂದ ಬಂದೋರ್ನ ಬೀದೀಲಿ ನಿಲ್ಸಕಾಯ್ತದಾ ಮೇಡಂ? ನಾಳೆ ನಮಗೊಂದು ಬಂದ್ರೆ ಯಾರ್ ಬತ್ತರೆ?" ಎಂದು ಅವನೇ ತಿರುಗಿಸಿ ಕೇಳಿದ. ನೆಂಟರು ನೇತ್ರಳನ್ನು ಒಬ್ಬೊಬ್ಬರಾಗಿ ತಬ್ಬಿ, ಬಂದಮೇಲೆ ಬಿಟ್ಟು ಹೋಗುವುದು ಚೆನ್ನಲ್ಲವೆಂದು ಉಳಿದ ಕೋಣೆಗಳಲ್ಲಿದ್ದ ತಮ್ಮೂರ ಹುಡುಗಿಯರ ಕೆನ್ನೆಯನ್ನೂ ಸವರಿ ಹೋದರು. ಆ ವಾರ ಇನ್ನಷ್ಟು ಮಂದಿ ಮಲಗಿ ಎದ್ದರು; ನೇತ್ರಳ ಜ್ವರ ಮಾತ್ರ ಬಿಡಲಿಲ್ಲ.

ಆಶಾರಾಣಿಗೆ ಇದೆಲ್ಲ ತಲೆನೋವು ಮಾತ್ರವಾಗಿದ್ದರೆ ಒಂದು ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದರೇನೋ. ಆದರೆ ಮಹಡಿಯ ಮೂಲೆಕೋಣೆಯಲ್ಲಿ ಕೋಮಲ ಇದ್ದಳು. ಮಧುವನಹಳ್ಳಿಯವಳು, ಕೊನೆಯ ವರ್ಷದ ಬಿ.ಎಸ್ಸಿ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಹೋದ ವರ್ಷ ಇದೇ ಜ್ವರ ಎದೆಗಿಳಿದು, ಮೈಸೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಬದುಕಿ ಬಂದಿದ್ದಳು. ಅವಳ ತಾಯಿ ಚಿಕ್ಕಬಸಮ್ಮ ಮಗಳನ್ನು ಮತ್ತೆ ಹಾಸ್ಟೆಲಿಗೆ ಬಿಡುವಾಗ ಆಶಾರಾಣಿಯ ಕೈ ಹಿಡಿದು ಎರಡು ಮಾತು ಹೇಳಿದ್ದಳು. ಇನ್ನೊಂದು ಸಲ ಹಾಗಾದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುತ್ತೇನೆ ಎಂಬುದು ಒಂದು. ಉಬ್ಬಸದ ವಿಷಯ ನರಪಿಳ್ಳೆಗೂ ತಿಳಿಯಬಾರದು, ತಿಳಿದರೆ ಹೆಣ್ಣು ಕೇಳಿಕೊಂಡು ಯಾರೂ ಬರುವುದಿಲ್ಲ ಎಂಬುದು ಇನ್ನೊಂದು. ಆಶಾರಾಣಿ ಎರಡಕ್ಕೂ ತಲೆಯಾಡಿಸಿಬಿಟ್ಟಿದ್ದರು.

ಹಾಗಾಗಿ ಬೈಯಬಹುದಿತ್ತೇ ಹೊರತು ಯಾಕೆ ಬೈಯುತ್ತಿದ್ದೇನೆಂದು ಹೇಳುವಂತಿರಲಿಲ್ಲ. ಕಾರಣ ಗೊತ್ತಿಲ್ಲದ ಹುಡುಗಿಯರು ತಾವೇ ಒಂದು ಕಾರಣ ಕಟ್ಟಿಕೊಂಡರು. ಮೇಡಂಗೆ ಕಾಯಿಲೆಯವರನ್ನು ಕಂಡರಾಗದು, ಕೋಮಲ ಅಂದರೆ ಮಾತ್ರ ಮುದ್ದು, ಅದಕ್ಕೇ ಅವಳೊಬ್ಬಳಿಗೆ ಬೇರೆ ಕೋಣೆ. ಆಮೇಲೆ ಒಂದು ಸಂಜೆ ಅದೇ ಕೋಮಲ ಕೈಯಲ್ಲಿ ಬನ್ನು ಹಿಡಿದು ನೇತ್ರಳ ಬಾಗಿಲ ಮುಂದೆ ಚಪ್ಪಲಿ ಬಿಡುತ್ತಿದ್ದದ್ದು ಆಶಾರಾಣಿಯ ಕಣ್ಣಿಗೆ ಬಿತ್ತು.

"ನಿನಗೇನು ಬುದ್ಧಿಗಿದ್ಧಿ ಇದೆಯೇನೇ?" ಎಂದು ರಟ್ಟೆ ಹಿಡಿದೆಳೆದರು.

"ಎಲ್ರೂ ಓಗ್ಬಂದ್ರು ಮೇಡಂ. ನಾನೊಬ್ಳು ಓಗ್ದಿದ್ರೆ ನೇತ್ರ ಏನಂದ್ಕಂಡಾಳು?" ಎಂದು ಕೋಮಲ ಅಳುಮೋರೆ ಹಾಕಿದಳು.

ಆಗ ಆಶಾರಾಣಿಗೆ ನಖಶಿಖಾಂತ ಉರಿದುಹೋಯಿತು. ನೇರ ಹಿತ್ತಲಿಗೆ ನಡೆದು, ಕೈಗೆಟುಕಿದ ಬೇವಿನ ಕೊಂಬೆಯೊಂದನ್ನು ಮುರಿದು ತಂದು ನೇತ್ರಳ ಬಾಗಿಲಿಗೆ ಸಿಕ್ಕಿಸಿದರು. ಒಳಗೆ ಅಮ್ಮ ಬಂದಿದ್ದಾಳೆ, ಮೈಮೇಲೆ ಬೊಕ್ಕೆ ಎದ್ದಿವೆ, ಹೊರಗಿನವರು ಹೊಸಿಲು ದಾಟಬೇಡಿ ಎಂದು ಯಾವ ಊರಲ್ಲಾದರೂ ಆ ಸೊಪ್ಪೇ ಹೇಳುತ್ತದೆ. ಆಶಾರಾಣಿ ಬಾಯಿ ಬಿಟ್ಟು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ.

ಡಾಕ್ಟರ ಮಾತು, ಗೋಡೆಯ ನೋಟೀಸು, ಗಂಟಲು ಹರಿದುಹೋಗುವ ಹಾಗೆ ಕೂಗಿದ ಕೂಗು, ಇವೆಲ್ಲ ಮಾಡದ್ದನ್ನು ಒಂದು ಹಿಡಿ ಸೊಪ್ಪು ಮಾಡಿತು. ಒಬ್ಬರೂ ಅತ್ತ ಸುಳಿಯಲಿಲ್ಲ. ಪುಟ್ಟಸಿದ್ದಯ್ಯ ನೇತ್ರಳ ಸೋದರಮಾವನನ್ನೇ ಗೇಟಿನಿಂದ ಹಿಂದಕ್ಕೆ ಕಳಿಸಿದ. ಆಶಾರಾಣಿಗೆ ಖುಷಿಯಾಗಬೇಕಿತ್ತು, ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಇಷ್ಟು ಓದಿದ ಹುಡುಗಿಯರು!

ಸೊಪ್ಪಿನ ಕೆಲಸ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಡುಗೆಯ ಚಿಕ್ಕನಿಂಗಮ್ಮ ಅಮ್ಮನಿಗೆ ಘಾಟು ಆಗದೆಂದು ಇಡೀ ಹಾಸ್ಟೆಲಿನ ಸಾರಿಗೆ ಒಗ್ಗರಣೆ ನಿಲ್ಲಿಸಿದಳು. ಬೊಕ್ಕೆ ಎಲ್ಲಿದೆ ಎಂದು ಯಾರೋ ಕೇಳಿದ್ದಕ್ಕೆ, "ಇನ್ನೂ ಒಳಗೇ ಅವಳೆ, ಈಚೆ ಬಂದಿಲ್ಲ," ಎಂದು ಗದರಿದಳು. ನೇತ್ರಳಿಗೆ ಮೊಸರನ್ನ ಇಟ್ಟು, ಮುಚ್ಚಿದ ಬಾಗಿಲಿಗೆ ಕೈ ಮುಗಿದು ಬರುತ್ತಿದ್ದಳು.

"ಚಿಕ್ಕನಿಂಗಮ್ಮ ಯಾಕೆ ಮೇಡಂ ನಂಗೆ ಕೈ ಮುಗೀತದೆ?" ಎಂದು ನೇತ್ರ ಕಿಟಕಿಯಿಂದ ಕೇಳಿದಳು. "ಯಾರೂ ನೋಡಕ್ಕೇ ಬತ್ತಿಲ್ಲ. ನಾನೇನ್ ಮಾಡಿದ್ದೆ ಅವರ್ಗೆ?" ಆ ಹುಡುಗಿಯ ಮುಖ ನೋಡಿ ಆಶಾರಾಣಿಗೆ ಪಾಪವೆನಿಸಿತು. ಮಾತ್ರೆ ಕೊಟ್ಟು, ಮಲಗು ಎಂದು ಗದರಿ ಬಂದರು.

ಸುದ್ದಿ ಬಸ್ಸು ಹತ್ತಿ ಮಧುವನಹಳ್ಳಿ ತಲುಪಲು ಎಷ್ಟು ಹೊತ್ತು ಬೇಕು? ಚಿಕ್ಕಬಸಮ್ಮ ಬಂದವಳೇ ಮಗಳ ಬಟ್ಟೆಬರೆಯನ್ನೆಲ್ಲ ಬ್ಯಾಗಿಗೆ ತುರುಕಿ ಕೆಳಗೆ ತಂದಿಟ್ಟಳು.

"ಅಮ್ಮ ಬಂದಿರೋ ಜಾಗ್ದಲ್ಲಿ ಇವಳ್ನ ಬುಡಕಾಯ್ತದಾ ಮೇಡಮ್ಮೋರೆ? ಓದಿದ್ದು ಸಾಕು. ನಡೀ ಮಗ."

ಕೋಮಲ ಮೆಟ್ಟಿಲ ಕಂಬ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ, ಆಶಾರಾಣಿಯ ಮುಖವನ್ನೇ ನೋಡುತ್ತಿದ್ದಳು. ಈ ಸಲ ಮನೆ ಸೇರಿದರೆ ಮತ್ತೆ ಕಾಲೇಜಿನ ಮುಖ ಕಾಣುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸೊಪ್ಪು ಇದ್ದರೆ ಕೋಮಲ ಹೋಗುತ್ತಾಳೆ, ಸೊಪ್ಪು ತೆಗೆದರೆ ಜಾತ್ರೆ ಮತ್ತೆ ಶುರುವಾಗುತ್ತದೆ. ಆಶಾರಾಣಿ ಹೋಗಿ ಕೊಂಬೆಯನ್ನು ಕಿತ್ತು ಅಂಗಳಕ್ಕೆ ಬಿಸಾಡಿದರು.

"ಅಮ್ಮ ಅಲ್ಲ, ಮಣ್ಣೂ ಅಲ್ಲ! ಹೇಳಿದರೆ ಕೇಳಲ್ಲ ಅಂತ ನಾನೇ ಕಟ್ಟಿದ್ದು. ಇದು ಬರೀ ಫ್ಲೂ ಜ್ವರ."

ಚಿಕ್ಕಬಸಮ್ಮನ ಮುಖ ಅರಳಿತು. "ಅಮ್ಮ ಅಲ್ವಾ? ಬರೀ ನೆಗಡಿ ಜ್ವರವಾ? ಅಯ್ ಶಿವನೇ, ಅದ ಮೊದ್ಲೇ ಏಳಬಾರ್ದಾ!" ಅಂದವಳೇ ಮಗಳಿಗೆಂದು ತಂದಿದ್ದ ಬನ್ನಿನ ಪೊಟ್ಟಣ ಎತ್ತಿಕೊಂಡು ನೇತ್ರಳ ಬಾಗಿಲ ಕಡೆ ನಡೆದಳು. "ಬಾ ಕೋಮಲ, ಮಾತಾಡ್ಸ್ಕಂಡ್ ಬರವಾ. ಇಲ್ಲಿಗಂಟ ಬಂದು ನೋಡ್ದೆ ಓದ್ರೆ ಆ ಮಗಿನ ಅವ್ವ ಏನಂದ್ಕಂಡಾಳು?"

ಆಶಾರಾಣಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಬಾಯಿಂದ ಹೊರಗೆ ಬಂತು.

"ಏನಾದರೂ ಅಂದುಕೊಳ್ಳಲಿ! ನಿಮ್ಮ ಮಗಳು ಹೋದ ವರ್ಷ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದು ಮರೆತುಹೋಯ್ತಾ? ಇದೇ ನೆಗಡಿ ಜ್ವರಕ್ಕೆ ತಾನೆ? ಉಬ್ಬಸದ ಎದೆ ಅವಳದು. ಈ ಬಾಗಿಲು ದಾಟಿ ಹೋದವರೆಲ್ಲ ಅವಳ ಉಸಿರು ನಿಲ್ಲಿಸೋಕೆ ಹೋದ ಹಾಗೆ. ಅವಳನ್ನ ಉಳಿಸಿಕೊಳ್ಳೋಕೆ ಕಣಮ್ಮ ನಾನು ಎಲ್ಲರ ಕಣ್ಣಲ್ಲೂ ಕೆಟ್ಟವಳಾಗಿದ್ದು!"

ಮಹಡಿಯ ಕಂಬಿಗಳ ಹಿಂದೆ ಹಾಸ್ಟೆಲಿಗೆ ಹಾಸ್ಟೆಲೇ ನಿಂತು ಕೇಳುತ್ತಿತ್ತು. ಗೇಟಿನಲ್ಲಿ ಪುಟ್ಟಸಿದ್ದಯ್ಯ, ಅಡುಗೆಮನೆ ಬಾಗಿಲಲ್ಲಿ ಚಿಕ್ಕನಿಂಗಮ್ಮ. ಕಿಟಕಿಯಲ್ಲಿ ಕಂಡ ನೇತ್ರ ಕೋಮಲಳನ್ನೇ ನೋಡಿದಳು. ಅವಳಿಗೂ ಇದು ಹೊಸ ಮಾತು. ಮೂಗಿನ ಮೇಲಕ್ಕೆ ಸೆರಗಿನಂತೆ ದುಪ್ಪಟ್ಟಾ ಎಳೆದುಕೊಂಡು, "ಬರಬ್ಯಾಡಿ ಅತ್ತೆ, ಇವಳ್ನ ಆಚೆಗ್ ಕರ್ಕೊಂಡೋಗಿ," ಅಂದಳು. ಕಿಟಕಿ ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಚಿಕ್ಕಬಸಮ್ಮ ಬನ್ನಿನ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತಳು. ಆಮೇಲೆ ಜಗಲಿಯ ಮೇಲೆ ಕುಸಿದು ಹಣೆ ಚಚ್ಚಿಕೊಂಡಳು.

"ಊರ್ಗೆಲ್ಲ ಟಾಂಟಾಂ ಒಡುದ್ರಲ್ಲ ಮೇಡಮ್ಮೋರೆ! ಮಾಂಬಳ್ಳಿಯೋರು ಕೇಳುಸ್ಕಂಡ್ರು, ಪಾಲಾರ್ ಕಡೆಯೋರು ಕೇಳುಸ್ಕಂಡ್ರು. ಇನ್ನ ಯಾವನ್ ಬತ್ತನೆ ಎಣ್ಣು ಕೇಳ್ಕಂಡು?"

ಆಶಾರಾಣಿ ಕೊಟ್ಟ ಮಾತಿಗೆ ತಪ್ಪಿದ್ದು ನಿಜ, ಅದಕ್ಕೆ ಮನಸ್ಸು ಚುಚ್ಚಿತು. ಈ ಹೆಂಗಸಿನ ಕತ್ತು ಹಿಸುಕಬೇಕು ಎನಿಸಿದ್ದೂ ಅಷ್ಟೇ ನಿಜ.

ಚಿಕ್ಕಬಸಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಇನ್ನ ಮನೇಗ್ ಕರ್ಕೊಂಡೋಗಿ ನಾನಾರ ಏನ್ ಮಾಡ್ಲಿ? ಓದ್ಲಿ ಬುಡಿ. ಒಂದು ಕೆಲ್ಸನಾರ ಸಿಕ್ಲಿ."

ಅವ್ವ ಮನಸ್ಸು ಬದಲಿಸುವ ಮೊದಲೇ ಕೋಮಲ ಬ್ಯಾಗೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ನಿಂತಿದ್ದ ಹುಡುಗಿಯರು ಗದ್ದದ ಕೆಳಗಿದ್ದ ಮಾಸ್ಕನ್ನು ಮೂಗಿಗೇರಿಸಿಕೊಂಡು, ಗೋಡೆಗೆ ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟರು.